ಎರಡನೇ ಪ್ರತಿಯಿಲ್ಲದ ಹೊತ್ತಿಗೆ

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ವಂಶವೃಕ್ಷ ಬೇಕಾದವರು ನಾಡಕಚೇರಿಯ ದಾರಿ ಹಿಡಿಯುತ್ತಾರೆ. ಅಫಿಡವಿಟ್ಟು ಕೊಡಬೇಕು, ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿ ವರದಿ ಹಾಕಬೇಕು. ಕೊನೆಗೆ ಕೈಗೆ ಬರುವ ಹಾಳೆಯಲ್ಲಿ ಅಪ್ಪ, ಮುತ್ಯಾ, ಹೆಚ್ಚೆಂದರೆ ಮುತ್ಯಾನ ಅಪ್ಪ ಇರುತ್ತಾರೆ. ಹೊಲದ ಪಾಲಿಗೆ, ಬ್ಯಾಂಕಿನ ಕೆಲಸಕ್ಕೆ ಅಷ್ಟು ಸಾಕು. ಆರು ತಲೆ, ಎಂಟು ತಲೆ ಹಿಂದಿನವರು ಯಾರು, ಎಲ್ಲಿಂದ ಬಂದು ಈ ಭೀಮಾ ಸೀಮೆಯಲ್ಲಿ ನೆಲೆ ನಿಂತರು ಎಂದು ಕೇಳಿದರೆ ಯಾವ ಕಚೇರಿಯ ಕಪಾಟಿನಲ್ಲೂ ಉತ್ತರವಿಲ್ಲ. ಅದಕ್ಕೆ ಮನೆತನಗಳ ವಂಶಾವಳಿಯನ್ನು ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡು ಊರೂರು ತಿರುಗುವ ಹೆಳವರು ಬರಬೇಕು.

ಬಿಳಿಜೋಳ ಕಣದಿಂದ ಮನೆ ಸೇರುವ ಹೊತ್ತಿಗೆ ಹೆಳವರ ಸಂಚಾರ ಶುರುವಾಗುತ್ತದೆ. ಮೊದಲೆಲ್ಲ ಸಿಂಗರಿಸಿದ ಎತ್ತಿನ ಮೇಲೆ, ಕೈಯಲ್ಲೊಂದು ಗಂಟೆ ಹಿಡಿದು ಬರುತ್ತಿದ್ದರು. ಈಗ ಮೋಟಾರ್ ಸೈಕಲ್ಲಿನಲ್ಲಿ ಬರುವವರೂ ಇದ್ದಾರೆ. ಬಂದವರು ಸೀದಾ ತಮ್ಮ ಒಕ್ಕಲಿನ ಮನೆಗೆ ಹೋಗಿ ಪಡಸಾಲೆಯಲ್ಲಿ ಕೂತು ಮನೆಯ ಹಿರಿಯರನ್ನು ಕರೆಸುತ್ತಾರೆ. “ನಿಮ್ಮ ಮುತ್ಯಾನ ಹೆಸರು ನೀವು ಹೇಳ್ರಿ, ಅವರ ಮುತ್ಯಾನ ಹೆಸರು ನಾ ಹೇಳ್ತೀನಿ” ಎಂಬ ಧಾಟಿಯಲ್ಲಿ ಮಾತು ಆರಂಭ. ಆಮೇಲೆ ಹೊತ್ತಿಗೆ ಬಿಚ್ಚಿ ರಾಗವಾಗಿ ಓದುವುದು. ಮೂಲಪುರುಷ ಯಾರು, ಯಾವ ಊರಿನವನು, ಏಕೆ ಊರು ಬಿಟ್ಟ, ಬೆಡಗು ಯಾವುದು, ಮನೆದೇವರು ಯಾವುದು, ಅಣ್ಣತಮ್ಮಂದಿರು ಯಾವ ತಲೆಯಲ್ಲಿ ಬೇರೆಯಾದರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ದತ್ತಕ ಬಂದರು. ಕೇಳುತ್ತ ಕೂತ ಮುದುಕರು ನಡುನಡುವೆ ಹೌದೆನ್ನುತ್ತಾರೆ, ಹುಡುಗರು ಫೋನು ಬದಿಗಿಟ್ಟು ಹತ್ತಿರ ಸರಿಯುತ್ತಾರೆ. ಓದು ಮುಗಿದ ಮೇಲೆ, ಕಳೆದ ಸಲ ಬಂದುಹೋದಂದಿನಿಂದ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಜೋಳ, ತೊಗರಿ, ಬಟ್ಟೆ, ದುಡ್ಡು, ಅನುಕೂಲಸ್ಥರಾದರೆ ಒಂದು ಕರುವನ್ನೂ ಕೊಟ್ಟು ಕಳಿಸುತ್ತಾರೆ. ಮತ್ತೆ ಬರುವುದು ಕೆಲವು ವರ್ಷಗಳ ಮೇಲೆ.

ಯಾವ ಹೆಳವರ ಮನೆಗೆ ಯಾವ ಊರು, ಯಾವ ಒಕ್ಕಲು ಎಂಬುದು ತಲೆತಲಾಂತರದಿಂದ ಗೊತ್ತಾಗಿರುತ್ತದೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವಂತಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಯಂತೆ ಒಕ್ಕಲೂ ಪಾಲಾಗುತ್ತದೆ. ಹೀಗಾಗಿ ಹೊತ್ತಿಗೆ ಅವರಿಗೆ ಬರೀ ಚರಿತ್ರೆಯಲ್ಲ, ಆಸ್ತಿ.

ಕಾಲಿಲ್ಲದ ಒಬ್ಬ ಶರಣನಿಗೆ ಬಸವಣ್ಣನೇ ಎತ್ತನ್ನೂ ಗಂಟೆಯನ್ನೂ ಕೊಟ್ಟು, ಮನೆಮನೆಯ ಹಿರಿಯರ ಹೆಸರು ಹೇಳಿಕೊಂಡು ಬದುಕು ಎಂದು ಕಳಿಸಿದನೆಂಬುದು ಹೆಳವರಲ್ಲಿ ನಡೆದುಬಂದ ಕಥೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಬಳ್ಳಾರಿ ಮತ್ತು ಮೈಸೂರು ಸೀಮೆಯ ಹೆಳವರ ಪ್ರಸ್ತಾಪವಿದೆ. ಅವರನ್ನು ಊರ ಚರಿತ್ರೆ ಕಾಯುವವರೆಂದು ಗುರುತಿಸಿದ ಆತ, ಎತ್ತಿನ ಮೇಲೆ ಕೂತು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬರುವುದನ್ನೂ ಯುದ್ಧದಲ್ಲಿ ಮಡಿದವರ ಹೆಸರು ಹೇಳುವುದನ್ನೂ ದಾಖಲಿಸಿದ್ದಾನೆ. ಆ ಕಂಬಳಿ ಮೂಲಕಥೆಯ ನೆನಪು. ಕಾಲಿದ್ದವರೂ ಇಲ್ಲದವರಂತೆ ಕೂತು, ತಮ್ಮ ಮೊದಲ ಹಿರಿಯನನ್ನು ಮೈಮೇಲೆ ಹೊತ್ತು ಬರುತ್ತಿದ್ದರು.

ನೆಲೋಗಿಯಂಥ ಊರಿಗೆ ಹೆಳವರು ಏಕೆ ಇಷ್ಟು ಮುಖ್ಯ ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಮುಖ್ಯಮಂತ್ರಿಯಾಗಿದ್ದ ಧರಂಸಿಂಗ್ ಅವರ ಊರೆಂದು ನಾಡಿಗೆಲ್ಲ ಗೊತ್ತಿರುವ ಈ ನೆಲೋಗಿ 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಆಳ್ವಿಕೆಯಲ್ಲಿತ್ತು. ಪಕ್ಕದ ಸಿಂದಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಅಫಜಲಪುರ ದಾಟಿದರೆ ಅಕ್ಕಲಕೋಟೆ ಸಂಸ್ಥಾನ. ಬೀಗತನ ಈ ಗಡಿಗಳನ್ನು ಕೇಳಲಿಲ್ಲ. ಜೇವರ್ಗಿಯ ಹೆಣ್ಣು ಸಿಂದಗಿಗೆ ಹೋದಳು, ಇಂಡಿ ತಾಲ್ಲೂಕಿನ ಹೆಣ್ಣು ಅಫಜಲಪುರಕ್ಕೆ ಬಂದಳು. ಆದರೆ ಕಾಗದ ಗಡಿ ದಾಟಲಿಲ್ಲ. ಈ ಕಡೆಯ ಕಂದಾಯ ದಾಖಲೆ ಉರ್ದುವಿನಲ್ಲಿ, ಫಸಲಿ ವರ್ಷದ ಲೆಕ್ಕದಲ್ಲಿ; ಆ ಕಡೆಯದು ಮೋಡಿ ಲಿಪಿಯಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಅಣ್ಣ ಇಲ್ಲಿ, ತಮ್ಮ ಅಲ್ಲಿ ಉಳಿದ ಮನೆತನವನ್ನು ಯಾವ ಒಂದು ಸರಕಾರದ ದಫ್ತರವೂ ಪೂರ್ತಿ ಕಾಣಲಿಲ್ಲ. ಹೆಳವರು ಮಾತ್ರ ಮನೆತನದ ಬೆನ್ನು ಹತ್ತಿ ಹೋದರು. ಒಕ್ಕಲು ಊರು ಬಿಟ್ಟರೆ ಹೊಸ ಊರಿಗೂ ಹೋಗಿ ಹುಡುಕಿ ಹೆಸರು ಬರೆದುಕೊಂಡರು. ನನ್ನ ಮಟ್ಟಿಗೆ ಇದು ಆ ಹೊತ್ತಿಗೆಗಳ ಅತಿ ದೊಡ್ಡ ಗುಣ.

ವಂಶದ ಹೆಸರು ಕಾಯುವ ಈ ಕೆಲಸ ದೂರದ ನಾರ್ವೆಯಲ್ಲಿ ಬೇರೆ ಬಗೆಯಲ್ಲಿ ನಡೆಯಿತು. ಅಲ್ಲಿ ವಂಶದ ಲೆಕ್ಕ ಇಟ್ಟವರು ಚರ್ಚಿನ ಪಾದ್ರಿಗಳು. ಈಗ ಉಳಿದಿರುವ ಅತ್ಯಂತ ಹಳೆಯ ಚರ್ಚ್ ಪುಸ್ತಕ ಆಂಡೆಬು ಎಂಬಲ್ಲಿನದು, 1623ರಲ್ಲಿ ಶುರುವಾದದ್ದು. 1680ರ ದಶಕದಿಂದ ಎಲ್ಲ ಪಾದ್ರಿಗಳೂ ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಬರೆದಿಡುವುದು ಕಡ್ಡಾಯವಾಯಿತು. 1812ರಿಂದ ಇನ್ನೊಂದು ಕಟ್ಟಳೆ ಬಂತು. ಪಾದ್ರಿಯ ಪುಸ್ತಕದ ಜೊತೆಗೆ ಚರ್ಚಿನ ಸಹಾಯಕನೂ ಅದೇ ಲೆಕ್ಕವನ್ನು ಬೇರೊಂದು ಪುಸ್ತಕದಲ್ಲಿ ಬರೆಯಬೇಕು. ಎರಡೂ ಪುಸ್ತಕ ಒಂದೇ ಸೂರಿನ ಕೆಳಗೆ ಇರಬಾರದು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಿ ಊರಿನ ಹೆಸರುಗಳು ಉಳಿಯಲಿ ಎಂಬ ಮುಂದಾಲೋಚನೆ. 1825ರಿಂದ ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ಆ ಪುಟ್ಟ ದೇಶದಿಂದ ಅಮೆರಿಕಕ್ಕೆ ಹೋದರು. ಅವರ ಮರಿಮಕ್ಕಳು ಇವತ್ತು ಮಿನೆಸೋಟದಲ್ಲೋ ಡಕೋಟದಲ್ಲೋ ಕೂತು, ನಾರ್ವೆಯ ರಾಷ್ಟ್ರೀಯ ಪತ್ರಾಗಾರದ ಡಿಜಿಟಾಲ್‌ಅರ್ಕಿವೆಟ್ ತಾಣದಲ್ಲಿ ಆ ಪುಟಗಳನ್ನು ಬಿಟ್ಟಿಯಾಗಿ ತೆರೆದು ನೋಡುತ್ತಾರೆ.

ಅವರ ಹುಡುಕಾಟದ ತೊಡಕುಗಳು ನಮ್ಮವರಿಗೆ ಹೊಸವಲ್ಲ. ನಾರ್ವೆಯ ಹಳ್ಳಿಗರಿಗೆ 1923ರ ಕಾನೂನು ಬರುವ ತನಕ ಕಡ್ಡಾಯವಾದ ಕುಲನಾಮ ಇರಲಿಲ್ಲ. ಊಲೆಯ ಮಗ ಊಲ್ಸೆನ್, ಅವನ ಮಗ ಇನ್ನೇನೋ. ಜೊತೆಗೆ ತಾವಿದ್ದ ತೋಟದ ಹೆಸರು. ತೋಟ ಬದಲಾದರೆ ಆ ಹೆಸರೂ ಬದಲು. ನಮ್ಮಲ್ಲಿ ಅಡ್ಡಹೆಸರಿನದು ಇದಕ್ಕೆ ತಿರುವುಮುರುವು. ನೆಲೋಗಿಯಲ್ಲೇ ಇದ್ದವರನ್ನು ಯಾರೂ ನೆಲೋಗಿ ಎಂದು ಕರೆಯುವುದಿಲ್ಲ. ಊರು ಬಿಟ್ಟು ಹೋದವರಿಗೆ ಹೊಸ ಊರಿನವರು ಬಿಟ್ಟುಬಂದ ಊರಿನ ಹೆಸರಿಡುತ್ತಾರೆ. ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಇಂಥ ಅಡ್ಡಹೆಸರಿನ ಮನೆ ಸಿಕ್ಕರೆ ಅವರ ಹಿರಿಯರೊಬ್ಬರು ಎಂದೋ ಈ ಊರಿನಿಂದ ಎದ್ದು ಹೋದರೆಂದು ಮೊದಲ ಗುರುತು ಹಾಕಿಕೊಳ್ಳಬಹುದು.

ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಎರಡೂ ಕಡೆ ಇದೆ. ಬಸಪ್ಪ, ಅವನ ಮಗ ಶರಣಪ್ಪ, ಅವನ ಮಗ ಮತ್ತೆ ಬಸಪ್ಪ. ಬಾಯಲ್ಲಿ ಹೇಳುವಾಗ ಎರಡು ತಲೆ ಕೂಡಿ ಒಂದಾಗಿಬಿಡುವುದು ಇಲ್ಲೇ. ಹೆಳವರ ಹೊತ್ತಿಗೆ ಹೆಂಡತಿಯ ತವರನ್ನೋ ಅಣ್ಣತಮ್ಮಂದಿರನ್ನೋ ಜೊತೆಗೆ ಬರೆದಿದ್ದರೆ ಈ ಬಸಪ್ಪ ಬೇರೆ, ಆ ಬಸಪ್ಪ ಬೇರೆ ಎಂದು ಬಿಡಿಸಬಹುದು. ಹೆಸರುಗಳಲ್ಲೇ ಕಾಲದ ಸುಳಿವೂ ಇರುತ್ತದೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಇದೇ ಸೀಮೆಯ ಅರಳಗುಂಡಗಿಯಲ್ಲಿ. ಅವರ ಕಾಲ 1746ರಿಂದ 1822. ಒಂದು ವಂಶಾವಳಿಯಲ್ಲಿ ಶರಣಬಸಪ್ಪ ಎಂಬ ಹೆಸರು ಮೊದಲು ಕಾಣುವ ತಲೆಯನ್ನು ಅವರ ಕಾಲದಿಂದ ಈಚಿನದೆಂದು ಊಹಿಸಬಹುದು. ಸಾಕ್ಷಿಯಲ್ಲ, ಸುಳಿವು.

ವರ್ಷದ ಲೆಕ್ಕದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಿರಿಯರು ಹೇಳುವುದು ಸಂವತ್ಸರದಲ್ಲಿ, ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಸಂವತ್ಸರದಲ್ಲಿ ಊರು ಬಿಟ್ಟರು ಎಂದರೆ 1876 ಆಗಬಹುದು, 1936 ಆಗಬಹುದು. ಬರಗಾಲಕ್ಕೆ ಬಿಟ್ಟರು ಎಂಬ ಮಾತು ಜೊತೆಗಿದ್ದರೆ 1876 ಎನ್ನಲು ಧೈರ್ಯ ಬರುತ್ತದೆ. ಆ ವರ್ಷ ಶುರುವಾದ ಬರ ದಖ್ಖನ್ನಿನ ಊರೂರುಗಳನ್ನು ಬರಿದು ಮಾಡಿತ್ತು. ಆಮೇಲೆ ಸರಕಾರಿ ಕಾಗದಕ್ಕೆ ಹೊಂದಿಸಿ ನೋಡಬೇಕು. ನಿಜಾಮ್ ಕಾಲದ ಸೇತ್ವಾರ ಎಂಬ ಕಂದಾಯ ದಾಖಲೆಯಲ್ಲಿ ಸರ್ವೆ ನಂಬರಿನ ಪಕ್ಕ ಪಟ್ಟೇದಾರನ ಹೆಸರಿರುತ್ತದೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. 1954-55ರ ಖಾಸ್ರಾ ಪಹಣಿಯಲ್ಲಿ ಮುಂದಿನ ತಲೆಯವರು ಕಾಣುತ್ತಾರೆ. ಜನನ ಮರಣ ನೋಂದಣಿ ಕಾನೂನು 1969ರದು. ಅದಕ್ಕೂ ಹಿಂದೆ ಹುಟ್ಟಿದ ಎಷ್ಟೋ ಮಂದಿಗೆ ಶಾಲೆಯ ದಾಖಲಾತಿ ಪುಸ್ತಕವೇ ಗತಿ, ಅದರಲ್ಲಿ ಹೆಚ್ಚಿನವರೆಲ್ಲ ಜೂನ್ 1ರಂದೇ ಹುಟ್ಟಿದವರು! ದಿನಾಂಕವನ್ನು ನಂಬದೆ ಅಪ್ಪನ ಹೆಸರು, ಅಡ್ಡಹೆಸರನ್ನಷ್ಟೇ ತೆಗೆದುಕೊಳ್ಳುವುದು ಒಳ್ಳೆಯದು. ಮನೆದೇವರ ಊರಿಗೂ ಒಮ್ಮೆ ಹೋಗಿಬರಬೇಕು. ನೂರು ಮೈಲಿ ದೂರದ ದೇವರಿಗೆ ವರ್ಷವರ್ಷ ಹೋಗಿ ಬರುವ ಮನೆತನದ ಬೇರು ಬಹಳ ಸಲ ಆ ದೇವರ ಸುತ್ತಲಿನ ಹಳ್ಳಿಯಲ್ಲೇ ಇರುತ್ತದೆ.

ಹೆಳವರ ಹೊತ್ತಿಗೆಯಲ್ಲಿ ಎಲ್ಲವೂ ಇದೆ ಎಂದು ಹೊಗಳಿದರೆ ಅನ್ಯಾಯವಾಗುತ್ತದೆ. ಅದು ಹೆಚ್ಚಾಗಿ ಗಂಡು ಸಂತಾನದ ಲೆಕ್ಕ. ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅನೇಕ ಪುಟಗಳಲ್ಲಿ ಇಲ್ಲವೇ ಇಲ್ಲ. ಕಾಳು ಕೊಡುವ ಶಕ್ತಿಯಿದ್ದ ಮನೆಯ ವಂಶ ಉದ್ದವಾಗಿ ಉಳಿಯಿತು. ಹೊಲವಿಲ್ಲದೆ ಕೂಲಿಗೆ ಊರೂರು ಅಲೆದವರ ಹೆಸರು ಬರೆಯಲು ಬರುವವರು ಕಡಿಮೆ. ನಾರ್ವೆಯ ಪಾದ್ರಿಯೂ ಹಳೆಯ ಪುಸ್ತಕಗಳಲ್ಲಿ ಮಗುವಿನ ಅಪ್ಪನ ಹೆಸರು ಬರೆದು ತಾಯಿಯ ಹೆಸರು ಬಿಟ್ಟದ್ದುಂಟು. ಆದರೆ ಬಡವ ಶ್ರೀಮಂತ ಎನ್ನದೆ ಎಲ್ಲರ ಮಗುವನ್ನೂ ಬರೆಯಲೇಬೇಕಾದ ಕಟ್ಟುಪಾಡು ಅವನಿಗಿತ್ತು. ಅದರ ಹಿಂದೆ ರಾಜ್ಯದ ಬಲವಿತ್ತು. ಹೆಳವರಿಗೆ ಅಂಥ ಯಾವ ಬಲವೂ ಇರಲಿಲ್ಲ. ಸಂಬಳವಿಲ್ಲದೆ, ಕಟ್ಟಡವಿಲ್ಲದೆ, ಮಳೆಯಲ್ಲಿ ನೆನೆಯುವ ಬಿಡಾರಗಳಲ್ಲಿ ಇಷ್ಟು ಹೆಸರುಗಳನ್ನು ಕಾಯ್ದುಕೊಂಡು ಬಂದರಲ್ಲ, ಅದಕ್ಕೆ ನಾವು ತೋರಿದ ಗೌರವ ಬಹಳ ಕಡಿಮೆ. ಮೀಸಲಾತಿಯ ಪ್ರವರ್ಗ-1ರಲ್ಲಿ ಹೆಳವ ಎಂಬ ಹೆಸರಿದೆ. ಊರೂರು ತಿರುಗುವ ಅಪ್ಪನ ಹಿಂದೆ ಹೋಗದೆ ಮಕ್ಕಳು ಶಾಲೆ ಸೇರಿದ್ದಾರೆ, ನೌಕರಿಗೆ ಹೋಗಿದ್ದಾರೆ. ಅದು ಆಗಬೇಕಾದದ್ದೇ. ಮಗ ಎತ್ತು ಏರಲಿ ಎಂದು ಬಯಸುವ ಹಕ್ಕು ನಮಗಿಲ್ಲ. ಹೊತ್ತಿಗೆ ಮಾತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅದನ್ನು ಓದುವ ರಾಗ, ಚುಟುಕಾಗಿ ಬರೆದ ಗುರುತುಗಳ ಅರ್ಥ, ಹಳೆಯ ಕೈಬರಹದ ಪರಿಚಯ ಓದುವವರ ಜೊತೆ ಹೋಗಿಬಿಡುತ್ತವೆ. ಗೆದ್ದಲು, ಸೋರುವ ಸೂರು ಬೇರೆ. ನಾರ್ವೆಯವರು ಇನ್ನೂರು ವರ್ಷದ ಹಿಂದೆ ಹೆದರಿದ್ದು ಯಾವುದಕ್ಕೋ ಅದೇ ಅಪಾಯ ಇವತ್ತು ಇಲ್ಲಿದೆ, ಬೇರೆ ಸೂರಿನ ಕೆಳಗೆ ಇಡಲು ಇನ್ನೊಂದು ಪುಸ್ತಕವಿಲ್ಲ.

ಎರಡನೇ ಪ್ರತಿ ಮಾಡಿಡುವುದು ಆಗದ ಕೆಲಸವೇನಲ್ಲ. ಹರಿದ್ವಾರದ ಪಂಡರು ಯಾತ್ರಿಕರ ವಂಶಾವಳಿ ಬರೆದಿಟ್ಟ ಬಹಿಗಳನ್ನು ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1977ರಿಂದಲೇ ಮೈಕ್ರೊಫಿಲ್ಮ್ ಮಾಡತೊಡಗಿತು. ನಮ್ಮ ಸರಕಾರವೇ ಪಹಣಿಗಳನ್ನು 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿತು. ಈಗ ತಹಶೀಲ್ದಾರ್ ಕಚೇರಿಗಳ ಹಳೆಯ ಕಂದಾಯ ಕಡತಗಳೂ ಸ್ಕ್ಯಾನ್ ಆಗುತ್ತಿವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯವಿದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿಗೆ ಬರುವ ಹೆಳವರನ್ನು ಗೌರವದಿಂದ ಕರೆಸಿ, ದಿನದ ಕೂಲಿಯಲ್ಲ, ವಿದ್ವಾಂಸರಿಗೆ ಕೊಡುವ ಸಂಭಾವನೆ ಕೊಟ್ಟು, ಪುಟಗಳ ಚಿತ್ರ ತೆಗೆದು, ಅವರ ಓದನ್ನು ದನಿಯಲ್ಲೇ ದಾಖಲಿಸುವ ಕೆಲಸವನ್ನು ಈ ವಿಶ್ವವಿದ್ಯಾಲಯಗಳಲ್ಲದೆ ಇನ್ನಾರು ಮಾಡಬೇಕು?

ಒಂದು ಮಾತು ಮೊದಲೇ ಖಚಿತವಾಗಬೇಕು. ಚರ್ಚಿನ ಪುಸ್ತಕ ಸಾರ್ವಜನಿಕರದು, ಹೆಳವರ ಹೊತ್ತಿಗೆ ಹಾಗಲ್ಲ. ಅದರಲ್ಲಿ ದತ್ತಕ ಬಂದವರಿದ್ದಾರೆ, ಉಡಿಕೆಯಾದವರಿದ್ದಾರೆ, ಪಾಲಿನ ಜಗಳದಲ್ಲಿ ಹೊರಬಿದ್ದವರಿದ್ದಾರೆ. ಹೊಲದ ವ್ಯಾಜ್ಯದಲ್ಲಿ ವಂಶಾವಳಿ ಎಂದರೆ ಬೆಂಕಿ. ನಾರ್ವೆಯಲ್ಲೂ ಇತ್ತೀಚಿನ ದಶಕಗಳ ಪುಟಗಳು ಎಲ್ಲರ ಕಣ್ಣಿಗೆ ತೆರೆದಿಲ್ಲ. ಆದ್ದರಿಂದ ಪ್ರತಿ ತೆಗೆಯುವುದೇ ಬೇರೆ, ಜಗತ್ತಿಗೆ ತೆರೆಯುವುದೇ ಬೇರೆ. ಹಕ್ಕು ಹೆಳವರ ಮನೆಯದಾಗಿ ಉಳಿಯಬೇಕು. ತೆರೆಯಬೇಕೆ ಬೇಡವೆ ಎಂಬ ಮಾತಿನಲ್ಲಿ ಒಕ್ಕಲಿನ ಮನೆಯವರಿಗೂ ಪಾಲಿರಬೇಕು. ಅವರಿಂದ ಪುಟಗಳನ್ನು ಪಡೆದು ಅವರ ಅನ್ನ ಕಸಿಯುವಂತಾದರೆ ಆ ಪ್ರತಿಯೇ ಬೇಡ.

ದೊಡ್ಡ ಸಂಸ್ಥೆಗಳು ಏಳುವ ತನಕ ಮನೆಯವರು ಮಾಡಬಹುದಾದದ್ದೂ ಇದೆ. ಈ ಸುಗ್ಗಿಗೆ ಹೆಳವರು ಬಂದರೆ ಅವಸರ ಮಾಡಬೇಡಿ, ಊಟಕ್ಕೆ ಹಾಕಿ, ಪೂರ್ತಿ ಓದಿಸಿ. ಕೇಳಿ ಒಪ್ಪಿಗೆ ಪಡೆದು ಫೋನಿನಲ್ಲಿ ದನಿ ಹಿಡಿಯಿರಿ, ನಿಮ್ಮ ಮನೆತನದ ಪುಟಗಳ ಚಿತ್ರ ತೆಗೆಯಿರಿ. ಯಾವ ದಿನ, ಯಾವ ಊರಿನ ಹೆಳವರು, ಯಾರ ಮನೆಯಲ್ಲಿ ಓದಿದರು ಎಂಬುದನ್ನು ಚಿತ್ರದ ಜೊತೆಗೇ ಬರೆದಿಡಿ. ಒಂದು ಪ್ರತಿಯನ್ನು ಅವರಿಗೂ ಮುದ್ರಿಸಿ ಕೊಡಿ, ಇನ್ನೊಂದನ್ನು ಬೇರೆ ಊರಿನಲ್ಲಿರುವ ಅಣ್ಣತಮ್ಮಂದಿರ ಮನೆಗೆ ಕಳಿಸಿ. ಹೊಸದಾಗಿ ಹುಟ್ಟಿದವರ ಹೆಸರು ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೂ, ಸೊಸೆಯಂದಿರ ತವರೂರನ್ನೂ ಹೇಳಿ ಬರೆಸಿ, ಅದಕ್ಕೆಂದೇ ಒಂದು ಸೇರು ಜೋಳ ಹೆಚ್ಚು ಅಳೆಯಿರಿ.