ಕೋ-ಆಪ್ ಶಿಕ್ಷಣ ಪದ್ಧತಿ
ಕೋ-ಆಪ್ ಶಿಕ್ಷಣ ಪದ್ಧತಿಯು ಕಾಲೇಜಿನ ವ್ಯಾಸಂಗವನ್ನೂ ಹೊರಗಿನ ಉದ್ಯೋಗಾನುಭವವನ್ನೂ ಒಂದೇ ಪದವಿಯ ಅಂಗಗಳನ್ನಾಗಿ ಜೋಡಿಸುವ ಕ್ರಮ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಇದನ್ನು 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಆರಂಭಿಸಿದರು. ವಿದ್ಯಾರ್ಥಿಗಳು ಒಂದು ವಾರ ತರಗತಿಯಲ್ಲಿ ಕಲಿತು, ಮರುವಾರ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಒಂದು ತಂಡ ಓದಿಗೆ ಮರಳಿದಾಗ ಇನ್ನೊಂದು ತಂಡ ಅದರ ಕೆಲಸವನ್ನು ಮುಂದುವರಿಸುತ್ತಿತ್ತು.

1921ರಲ್ಲಿ ಓಹಿಯೋ ರಾಜ್ಯದ ಆಂಟಿಯಾಕ್ ಕಾಲೇಜು, ಆರ್ಥರ್ ಮಾರ್ಗನ್ ಅವರ ನೇತೃತ್ವದಲ್ಲಿ, ಈ ಪದ್ಧತಿಯನ್ನು ಕಲಾ ವಿಷಯಗಳ ವಿದ್ಯಾರ್ಥಿಗಳಿಗೂ ವಿಸ್ತರಿಸಿತು. ಅಲ್ಲಿ ಕಸುಬಿನ ತರಬೇತಿಯಷ್ಟೇ ಅಲ್ಲದೆ ಲೋಕಾನುಭವವೂ ಗುರಿಯಾಗಿತ್ತು.

ಈ ಪದ್ಧತಿಯಲ್ಲಿ ದುಡಿಮೆಗೆ ಸಾಮಾನ್ಯವಾಗಿ ವೇತನವುಂಟು. ವೇತನವಿಲ್ಲದ ಇಂಟರ್ನ್‌ಷಿಪ್ ಅನುಕೂಲಸ್ಥರಿಗೆ ಮಾತ್ರ ಎಟುಕುವ ಸಂಭವವಿದೆ. ಕೋ-ಆಪ್ ಪದ್ಧತಿಯಲ್ಲಾದರೋ ಬಡ ವಿದ್ಯಾರ್ಥಿಯ ಅನುಭವದ ಜೊತೆಗೆ ವ್ಯಾಸಂಗದ ವೆಚ್ಚದ ಒಂದು ಪಾಲೂ ದುಡಿಮೆಯಿಂದಲೇ ಒದಗುತ್ತದೆ.