ಕೈಗೆ ಮರಳಿ ಕೆಲಸ

ನಾವು ಪಾರ್ಶ್ವವಾಯು ಎನ್ನುವುದನ್ನು ವಿಜಯಪುರದ ಕಡೆ ಲಕ್ವಾ ಎನ್ನುತ್ತಾರೆ. ಹೆಸರು ಬೇರೆ, ಸಂಕಟ ಒಂದೇ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸು ಮಾತ್ರ ಅವಕಾಶ.

ಜೀವ ಉಳಿದ ಮೇಲೆ ಗುಂಡಿ ಹಾಕುವುದನ್ನು, ತುತ್ತು ಎತ್ತುವುದನ್ನು ಮರಳಿ ಕಲಿಸುವುದೇ ಆಕ್ಯುಪೇಷನಲ್ ಥೆರಪಿ. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದವರಿಗೂ ಇದು ಬೇಕು. ತಜ್ಞರು ಒಪ್ಪಿದರೆ ಮನೆಗೆಲಸವೇ ಅಭ್ಯಾಸವಾದೀತು: ತಿಕೋಟಾ, ಬಬಲೇಶ್ವರದಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುವುದು, ನಮ್ಮಲ್ಲಿ ಕಾಫಿ ಬೀಜ ಆರಿಸುವುದು. ಬೆರಳೂ ಪಳಗುತ್ತದೆ, ಗಮನವೂ ನಿಲ್ಲುತ್ತದೆ. ಮರೆವಿದ್ದವರಿಗೆ ದಿನದ ಕೆಲಸಗಳನ್ನು ಗೋಡೆಗೆ ಬರೆದು ಅಂಟಿಸಿ.

ವೈದ್ಯರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಕೇಳಲು ಸಂಕೋಚ ಬೇಡವೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.