ಫಿಟ್ಸ್ ಗುಳಿಗೆ: ಕಮ್ಮಿಯೂ ಬೇಡ, ಹೆಚ್ಚೂ ಬೇಡ

ಸೋದರಿಯರೇ, ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರ್ಛೆರೋಗದ ಗುಳಿಗೆಯದೂ ಅಂಥದೇ ಅಳತೆಯ ಲೆಕ್ಕ. ರಕ್ತದಲ್ಲಿ ಔಷಧಿ ಕಮ್ಮಿಯಾದರೆ ಫಿಟ್ಸ್ ಮರಳಿ ಬರುತ್ತದೆ, ಹೆಚ್ಚಾದರೆ ಔಷಧಿಯೇ ಕಾಟ ಕೊಡುತ್ತದೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ "ಆರು ತಿಂಗಳಾತು, ಫಿಟ್ಸ್ ಬಂದಿಲ್ಲ, ಇನ್ಯಾಕ ಗುಳಿಗಿ?" ಅನ್ನೋರು ಬಹಳ. ಫಿಟ್ಸ್ ಬಾರದೆ ಇರುವುದು ಆ ಗುಳಿಗೆಯಿಂದಲೇ ಎಂಬುದು ಮರೆತೇ ಹೋಗಿರುತ್ತದೆ. ಒಮ್ಮೆಲೇ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ನಿಲ್ಲಿಸುವ ಕಾಲ ಬಂದರೂ ವೈದ್ಯರು ನಿಧಾನವಾಗಿ ಇಳಿಸುತ್ತಾರೆ.

ಎಪ್ಟಾಯಿನ್ ಎಂದು ಅಂಗಡಿಯಲ್ಲಿ ಸಿಗುವ ಫೆನಿಟಾಯಿನ್ ಗುಳಿಗೆಯನ್ನೇ ನೋಡಿ. ದೊಡ್ಡವರಲ್ಲಿ ಇದರ ಮಟ್ಟ ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತಕ್ಕೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಒಂದು ಮಟ್ಟ ಮುಟ್ಟಿದ ಮೇಲೆ ಯಕೃತ್ತಿಗೆ ಇದನ್ನು ಇನ್ನಷ್ಟು ವೇಗವಾಗಿ ಕರಗಿಸಲು ಆಗುವುದಿಲ್ಲ. ಆಗ ಸ್ವಲ್ಪವೇ ಹೆಚ್ಚಿಸಿದರೂ ರಕ್ತದಲ್ಲಿ ಬಹಳ ಏರಿಬಿಡುತ್ತದೆ. ನಡಿಗೆ ತೂರಾಡುವುದು, ಮಾತು ತೊದಲುವುದು, ಕಣ್ಣುಗುಡ್ಡೆ ಅದುರುವುದು, ಸದಾ ಮಂಪರು ಇದರ ಗುರುತು. ಇವು ಕಂಡರೆ "ನಿಶ್ಶಕ್ತಿ" ಎಂದು ಟಾನಿಕ್ ಕುಡಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ರಕ್ತಪರೀಕ್ಷೆ ಎಲ್ಲರಿಗೂ ಪದೇ ಪದೇ ಬೇಕಿಲ್ಲ. ವೈದ್ಯರು ಬರೆದುಕೊಟ್ಟರೆ ಸಾಮಾನ್ಯವಾಗಿ ಬೆಳಗಿನ ಗುಳಿಗೆ ನುಂಗುವ ಮುಂಚೆ ರಕ್ತ ಕೊಡಬೇಕು. ಹಿಂದಿನ ಗುಳಿಗೆ ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ರಿಪೋರ್ಟಿನ ಅಂಕಿ ನೋಡಿ ನೀವೇ ಗುಳಿಗೆ ಮುರಿದು ಅರ್ಧ ಮಾಡಬೇಡಿ.

ಬೇರೆ ಔಷಧಿಗಳೂ ಈ ಮಟ್ಟವನ್ನು ಏರಿಳಿಸುತ್ತವೆ. ಟಿಬಿಗೆ ಕೊಡುವ ಐಸೋನಿಯಾಜಿಡ್ ಫೆನಿಟಾಯಿನ್ ಮಟ್ಟವನ್ನು ಏರಿಸಬಲ್ಲದು. ಆಮ್ಲಪಿತ್ತದ ಔಷಧಿ ಜೊತೆಗೇ ಕುಡಿದರೆ ಗುಳಿಗೆ ಸರಿಯಾಗಿ ಮೈಗೆ ಹತ್ತದಿರಬಹುದು. ಆದ್ದರಿಂದ ಯಾವ ದವಾಖಾನೆಗೆ ಹೋದರೂ ಫಿಟ್ಸ್ ಗುಳಿಗೆಯ ಚೀಟಿ ತೋರಿಸಿ. ಅಂಗಡಿಯವರು ಬೇರೆ ಕಂಪನಿಯ ಗುಳಿಗೆ ಕೊಟ್ಟರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಹೆಣ್ಣುಮಕ್ಕಳಿಗೆ ಎರಡು ಮಾತು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ನುಂಗುವವರಿಗೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡದಿರಬಹುದು. ವಾಲ್‌ಪ್ರೋಯೇಟ್ ಹೊಟ್ಟೆಯ ಕೂಸಿಗೆ ದೋಷ ತರಬಲ್ಲದು. ಬಸಿರಾದ ಮೇಲೆ ಹೆದರಿ ಗುಳಿಗೆ ಎಸೆಯುವ ಬದಲು ಮದುವೆಗೆ ಮುಂಚೆಯೇ ವೈದ್ಯರ ಸಲಹೆ ಕೇಳುವುದು ಲೇಸು. ಗರ್ಭಿಣಿಯಾದಾಗ ಔಷಧಿಯ ಮಟ್ಟ ತಾನಾಗಿಯೇ ಇಳಿಯಬಹುದು, ಆಗ ತಪಾಸಣೆ ಹೆಚ್ಚೇ ಬೇಕು.

ಆದರೆ ಅತ್ತೆಮನೆಗೆ ಗೊತ್ತಾದೀತೆಂದು ಗುಳಿಗೆಯನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟು, ಯಾರಾದರೂ ಎದುರಿಗಿದ್ದರೆ ಹೊತ್ತು ತಪ್ಪಿಸುವ ಸೊಸೆಗೆ ಈ ಸಲಹೆಗಳಿಂದ ಏನು ಪ್ರಯೋಜನ? ಮೂರ್ಛೆರೋಗವಿದೆಯೆಂದು ಮದುವೆ ರದ್ದುಮಾಡಲು ಇದ್ದ ಅವಕಾಶವನ್ನು 1999ರಲ್ಲೇ ಕಾನೂನಿನಿಂದ ತೆಗೆದುಹಾಕಿದ್ದಾರೆ. ಕಾನೂನು ಬದಲಾದರೂ ನಮ್ಮ ಮನಸ್ಸು ಬದಲಾಗಬೇಡವೇ? ಅತ್ತೆಯಾದವರು "ಗುಳಿಗಿ ತಗೊಂಡಿಯೇನವ್ವಾ?" ಎಂದು ಕೇಳಿದರೆ ಅರ್ಧ ಭಯ ಅಲ್ಲಿಗೇ ಹೋದೀತು.

ಇದು ಸಿರಿವಂತರ ಚಿಕಿತ್ಸೆಯೇನಲ್ಲ. ನಮ್ಮದೇ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಗುಳಿಗೆಗಳಿಂದಲೇ ಅನೇಕರ ಫಿಟ್ಸ್ ಹತೋಟಿಗೆ ತಂದರು. ಅದರ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುಳಿಗೆ ಕೊಟ್ಟಾಗ ಗೀಟು ಹಾಕಿ, ಫಿಟ್ಸ್ ಬಂದ ದಿನ ಸುತ್ತು ಹಾಕಿ. ಜಾತ್ರೆಗೋ ದುಡಿಯಲು ಬೆಂಗಳೂರಿಗೋ ಹೊರಟರೆ ಹೋಗಿಬರುವ ದಿನಗಳಿಗಿಂತ ನಾಲ್ಕು ದಿನದ್ದು ಹೆಚ್ಚೇ ಗಂಟಿನಲ್ಲಿರಲಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿಸಬೇಡಿ, ವೈದ್ಯರನ್ನು ಕೇಳಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬಾಯಿಗೆ ಚಮಚ ಎರಡೂ ಬೇಡ, ಮಗ್ಗುಲಾಗಿ ಮಲಗಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.